ಲಗ್ನಪತ್ರಿಕೆಯ ಕೆಲಸಕ್ಕೆ ಬ್ರೌಸರ್ ಸಾಕೇ, ಡೆಸ್ಕ್‌ಟಾಪ್ ತಂತ್ರಾಂಶವೇ ಬೇಕೇ?

ಪ್ರಶ್ನೆ (ಕೊಪ್ಪಳದಿಂದ)

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ಹದಿನಾರು ವರ್ಷಗಳಿಂದ ಚಿಕ್ಕದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಗವಿಮಠದ ಜಾತ್ರೆ ಹತ್ತಿರ ಬಂದಾಗ ಕರಪತ್ರ, ಇವೇ ನಮ್ಮ ಕೆಲಸ. ಎಲ್ಲವನ್ನೂ ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ 7ರಲ್ಲಿ, ನುಡಿ ಎಂಬ ಕನ್ನಡ ತಂತ್ರಾಂಶದ ಅಕ್ಷರಗಳಿಂದಲೇ ಮಾಡುತ್ತ ಬಂದಿದ್ದೇನೆ. ಅದರ ಪರವಾನಗಿಯ ವಿಷಯ ದಯವಿಟ್ಟು ಕೇಳಬೇಡಿ. ಕಂಪ್ಯೂಟರ್ ಜೋಡಿಸಿಕೊಟ್ಟವರು ಜೊತೆಗೇ ಹಾಕಿಕೊಟ್ಟಿದ್ದರು. ಈಗ ಆ ಕಂಪ್ಯೂಟರ್ ಕೈಕೊಡುತ್ತಿದೆ. ಕಾಲೇಜಿಗೆ ಹೋಗುವ ಮಗಳು, ಬ್ರೌಸರಿನಲ್ಲೇ ಬರೆಯುವ ಗೂಗಲ್ ಡಾಕ್ಸ್ ಮತ್ತು ವಿನ್ಯಾಸ ಮಾಡುವ ಕ್ಯಾನ್ವಾ ಪುಕ್ಕಟೆಯಾಗಿ ಸಿಗುವಾಗ ತಂತ್ರಾಂಶಕ್ಕೆ ದುಡ್ಡು ಏಕೆ ಎನ್ನುತ್ತಾಳೆ. ಕಳೆದ ವಾರ ಹಳೆಯ ಪತ್ರಿಕೆಯೊಂದರ ಪಠ್ಯವನ್ನು ಡಾಕ್ಸ್‌ಗೆ ಅಂಟಿಸಿ ನೋಡಿದೆ. ‘ಶ್ರೀ ಗವಿಸಿದ್ಧೇಶ್ವರ ಪ್ರಸನ್ನ’ ಎಂದಿದ್ದ ಸಾಲಿನ ಜಾಗದಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದು ಕುಳಿತವು. ಯಾವ ದಾರಿ ಹಿಡಿಯಲಿ, ಬಲ್ಲವರು ತಿಳಿಸಬೇಕು.

ಉತ್ತರ 1 (ಸಿಂಧನೂರಿನಿಂದ)

ತಮ್ಮ ಮಗಳ ಮಾತಿನಲ್ಲಿ ಹುರುಳಿದೆ. ಭತ್ತದ ದಲಾಲಿ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ತೂಕದ ಕಟ್ಟೆಯ ಬಳಿ ನಿಂತ ಹುಡುಗ ಮೊಬೈಲಿನಿಂದ ಗೂಗಲ್ ಶೀಟ್ಸ್‌ಗೆ ಚೀಲಗಳ ತೂಕ ಹಾಕುತ್ತಿದ್ದಂತೆಯೇ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನನಗೆ ಅದು ಕಾಣುತ್ತದೆ. ಕರೆಂಟು ಹೋದರೂ ಅದುವರೆಗೆ ಬರೆದದ್ದು ಉಳಿದಿರುತ್ತದೆ, ಯಾರು ಯಾವ ಅಂಕಿ ತಿದ್ದಿದರೆಂಬುದನ್ನು ಹಳೆಯ ಆವೃತ್ತಿ ತೆರೆದು ನೋಡಬಹುದು. ಮೊದಲು ಎಕ್ಸೆಲ್ ಫೈಲನ್ನು ಪೆನ್‌ಡ್ರೈವಿನಲ್ಲಿ ಓಡಾಡಿಸುತ್ತಿದ್ದಾಗ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಎಂದು ಮೂರು ಸಂತಾನಗಳಾಗಿ, ಯಾವುದು ನಿಜವಾದದ್ದೆಂದು ನಮಗೇ ತಿಳಿಯದ ಸ್ಥಿತಿ ಬಂದಿತ್ತು.

ಉತ್ತರ 2 (ಬಳ್ಳಾರಿಯಿಂದ)

ಲೆಕ್ಕದ ಕೆಲಸಕ್ಕೆ ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರ ತೊಂದರೆ ಬ್ರೌಸರಿನದೂ ಅಲ್ಲ, ಡೆಸ್ಕ್‌ಟಾಪಿನದೂ ಅಲ್ಲ. ಅದು ಅಕ್ಷರಗಳನ್ನು ಸಂಗ್ರಹಿಸುವ ಸಂಕೇತದ್ದು. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದಂಥವು, ಆದ್ದರಿಂದ ಆ ಫಾಂಟು ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಹೊರಗೆ ಕಾಣುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್ ಎಂಬ ಸಂಕೇತದಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ; ಗೂಗಲ್ ಡಾಕ್ಸ್‌ಗೆ ತಿಳಿಯುವುದು ಅದೊಂದೇ. 2001ರಲ್ಲಿ ಬಂದ ಪೇಜ್‌ಮೇಕರ್ 7ಕ್ಕೆ ಯುನಿಕೋಡ್ ಕನ್ನಡ ಬಾರದು, ಅದರ ನಂತರ ಹೊಸ ಆವೃತ್ತಿಯೂ ಬರಲಿಲ್ಲ.

ಆಸ್ಕಿಯಿಂದ, ಅಂದರೆ ಇಂಥ ಹಳೆಯ ಫಾಂಟುಗಳ ಸಂಕೇತದಿಂದ, ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆಯಾಗಿಯೇ ದೊರೆಯುತ್ತವೆ, ಆದರೆ ಕಣ್ಣುಮುಚ್ಚಿ ನಂಬಬೇಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತಿತ್ತು, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಎಡವುವುದು ಹೆಚ್ಚಾಗಿ ಅಲ್ಲಿಯೇ. ‘ಆಶೀರ್ವಾದ’, ‘ಕಾರ್ಯಾಲಯ’, ‘ಮುಹೂರ್ತ’ ಈ ಮೂರನ್ನು ಬೆರಳಿಟ್ಟು ಓದಿ. ಲಗ್ನಪತ್ರಿಕೆಯಲ್ಲಿ ಇವು ತಪ್ಪಿದರೆ ಕಾರ್ಡಿನ ದುಡ್ಡು ನಿಮ್ಮ ತಲೆಗೇ ಬರುತ್ತದೆ.

ಇನ್ನು ಬಣ್ಣದ ವಿಷಯ. ಪರದೆ ತೋರಿಸುವುದು ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿ ಬೆಳಕಿನ ಬಣ್ಣ; ಆಫ್‌ಸೆಟ್ ಪ್ರೆಸ್ಸಿನವರು ನಾಲ್ಕು ಪ್ಲೇಟಿಗೆ ಕೇಳುವುದು ಸಿಎಂವೈಕೆ, ಅಂದರೆ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಯ ಬಣ್ಣ. ಕ್ಯಾನ್ವಾದ ಉಚಿತ ಖಾತೆಯಲ್ಲಿ ಸಿಎಂವೈಕೆ ಪಿಡಿಎಫ್ ಸಿಗುವುದಿಲ್ಲ, ಅದಕ್ಕೆ ಹಣ ಕಟ್ಟಬೇಕು. ಪರದೆಯ ಮೇಲೆ ಹೊಳೆಯುತ್ತಿದ್ದ ಹಸಿರು ಕಾಗದದ ಮೇಲೆ ಮಂಕಾಗಿ ಬಂದಾಗ ಗಿರಾಕಿ ಕೇಳುವುದು ಕ್ಯಾನ್ವಾದವರನ್ನಲ್ಲ. ನನ್ನ ಸಲಹೆಯೆಂದರೆ ಪುಟ ಜೋಡಿಸುವ ಸ್ಕ್ರೈಬಸ್. ಅದು ಡೆಸ್ಕ್‌ಟಾಪ್ ತಂತ್ರಾಂಶವೇ ಆದರೂ ಮುಕ್ತ ಮತ್ತು ಉಚಿತ, ಸಿಎಂವೈಕೆ ಬಲ್ಲದು, 2024ರಲ್ಲಿ ಬಂದ 1.6 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳೂ ಸರಿಯಾಗಿ ಕೂರುತ್ತವೆ. ಹಳೆಯ ಪೇಜ್‌ಮೇಕರ್ ಫೈಲುಗಳನ್ನು ಲಿಬ್ರೆಆಫೀಸ್ ಡ್ರಾ ಎಂಬ ಉಚಿತ ಚಿತ್ರ ತಂತ್ರಾಂಶ ತೆರೆಯುತ್ತದೆ, ಆದರೆ ಪುಟದ ಜೋಡಣೆ ಹಾಗೇ ಉಳಿಯುತ್ತದೆಂಬ ಭರವಸೆ ಬೇಡ. ಫೋಟೊ ತಿದ್ದಲು ಮಾತ್ರ ಬ್ರೌಸರಿನ ಫೋಟೊಪಿಯಾ ಬಳಸಿ. ಜಾಹೀರಾತು ಕಾಣುತ್ತವೆ, ಆದರೆ ಕೆಲಸ ನಿಮ್ಮ ಯಂತ್ರದಲ್ಲೇ ನಡೆಯುತ್ತದೆ, ಗಿರಾಕಿಯ ಫೋಟೊ ಬೇರೆಯವರ ಸರ್ವರಿಗೆ ಹೋಗುವುದಿಲ್ಲ.

ಉತ್ತರ 3 (ರಾಯಚೂರಿನಿಂದ)

ನನ್ನ ಅನುಭವವನ್ನೂ ಸೇರಿಸುತ್ತೇನೆ. ವಿನ್ಯಾಸದ ಜಾಲತಾಣವೊಂದರಲ್ಲಿ ಎರಡು ವರ್ಷ ಕಾರ್ಡುಗಳನ್ನು ಮಾಡಿ ಅಲ್ಲಿಯೇ ಇಟ್ಟಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಉಚಿತವಿದ್ದ ಚೌಕಟ್ಟುಗಳ ಮೇಲೆಲ್ಲ ಅವರ ಮುದ್ರೆ ಬಿದ್ದಿತ್ತು, ಅದು ಹೋಗಬೇಕಾದರೆ ಚಂದಾ ಕಟ್ಟಬೇಕಿತ್ತು. ಮಧ್ಯಾಹ್ನವೇ ಗಿರಾಕಿ ಬರುವವರಿದ್ದರು, ಕಟ್ಟಿದೆ. ಗೂಗಲ್ ಖಾತೆಯ 15 ಜಿಬಿಯೂ ಜಿಮೇಲ್, ಫೋಟೊಸ್, ಡ್ರೈವ್ ಮೂರಕ್ಕೂ ಸೇರಿದ್ದು. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅವರು ಅಳಿಸಬಹುದು. ಎಲ್ಲಿ ಮಾಡಿದರೂ ಮುಗಿದ ಕೆಲಸದ ಪಿಡಿಎಫ್ ಒಂದನ್ನು ನಿಮ್ಮ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ನಿನ್ನೆ ಒಂದು ಲಗ್ನಪತ್ರಿಕೆಯನ್ನು ಪರಿವರ್ತಿಸಿ ಸ್ಕ್ರೈಬಸ್‌ನಲ್ಲಿ ಜೋಡಿಸಿದೆ. ‘ಚಿ||ರಾ||’ ಮತ್ತು ‘ಚಿ||ಕುಂ||ಸೌ||’ ಸರಿಯಾಗಿಯೇ ಬಂದವು, ಬಳ್ಳಾರಿಯವರು ಹೇಳಿದಂತೆ ‘ಆಶೀರ್ವಾದ’ದಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು, ತಿದ್ದಿದೆ. ಪ್ರೂಫನ್ನು ಮಗಳ ಡ್ರೈವ್ ಕೊಂಡಿಯಿಂದ ಬೀಗರಿಬ್ಬರ ಮನೆಗೂ ಕಳುಹಿಸಿದೆವು. ಗಂಡಿನ ಸೋದರಮಾವನ ಹೆಸರು ಬಿಟ್ಟುಹೋಗಿದೆಯೆಂದು ಹತ್ತೇ ನಿಮಿಷದಲ್ಲಿ ಫೋನು ಬಂತು. ಹಳೆಯ ಕಂಪ್ಯೂಟರನ್ನು ಹಳೆಯ ಫೈಲುಗಳಿಗಾಗಿ ಇಂಟರ್ನೆಟ್ ಜೋಡಿಸದೆ ಮೂಲೆಯಲ್ಲಿ ಉಳಿಸಿಕೊಳ್ಳುತ್ತೇನೆ.