ಐದು ತಿಂಗಳ ಕುದುರೆ ಮರಿಯ ಸೈನಸ್: ಎಕ್ಸ್‌ರೇ ಸಾಕಾ, ಸಿಟಿ ಸ್ಕ್ಯಾನ್ ಬೇಕಾ?

ಪ್ರಶ್ನೆ: ನಮಸ್ತೆ ಮೇಡಂ. ತುಮಕೂರು ಕಡೆ ಒಂದು ಕುದುರೆ ಫಾರಂನಲ್ಲಿ ಮರಿಗಳನ್ನು ನೋಡಿಕೊಳ್ಳುತ್ತೇನೆ. 5 ತಿಂಗಳ ಹೆಣ್ಣು ಮರಿಗೆ ಮೂರು ವಾರದಿಂದ ಎಡ ಹೊಳ್ಳೆಯಲ್ಲಿ ಮಾತ್ರ ಹಳದಿ ಸಿಂಬಳ ಬರುತ್ತಿದೆ. ಔಷಧಿ ಕೊಟ್ಟರೆ ನಿಲ್ಲುತ್ತೆ, ಬಿಟ್ಟರೆ ಮತ್ತೆ ಶುರು. ಜ್ವರ ಇಲ್ಲ, ಹಾಲು ಕುಡಿಯುತ್ತೆ, ಓಡಾಡುತ್ತೆ. ಎಕ್ಸ್‌ರೇ ನೋಡಿದವರೊಬ್ಬರು "ಸೈನಸ್ ಪೂರ್ತಿ ತುಂಬಿದೆ, ಒಳಗೆ ಗುಳ್ಳೆ ಥರ ಕಾಣ್ತಿದೆ, ಮೂಳೆ ಕೊರೆದು ತೊಳೀಬೇಕು" ಅಂದರು. ಇನ್ನೊಬ್ಬರು ಮೊದಲು ಸಿಟಿ ಮಾಡಿಸಿ ಅಂದರು. ಖರ್ಚು ಕೇಳಿ ಮಾಲೀಕರು ಹಿಂದೆಮುಂದೆ ನೋಡುತ್ತಿದ್ದಾರೆ. ಎಕ್ಸ್‌ರೇಯಲ್ಲಿ ಕಾಣದ್ದು ಸಿಟಿಯಲ್ಲಿ ಏನು ಕಾಣುತ್ತೆ?

ಉತ್ತರ (ಪಶುವೈದ್ಯೆ): ಸಿಟಿಗೂ ಮುಂಚೆ ಒಂದು ಮಾತು. ಕುದುರೆಯ ಮೂಗಿನಿಂದ ಹೀಗೆ ಬಿಡದೆ ಸುರಿಯುತ್ತಿದ್ದರೆ ನಮ್ಮ ದೇಶದಲ್ಲಿ ಗ್ಲ್ಯಾಂಡರ್ಸ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಅದು ಮನುಷ್ಯರಿಗೂ ಅಂಟುತ್ತೆ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಹತ್ತಿರದ ಸರ್ಕಾರಿ ಪಶುವೈದ್ಯರಿಗೆ ಹೇಳಿ ರಕ್ತದ ಮಾದರಿ ಕಳಿಸಿ. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ, ಈ ಪರೀಕ್ಷೆ ಅಲ್ಲಿ ಆಗುತ್ತೆ. ಸ್ಟ್ರಾಂಗಲ್ಸ್ ಕೂಡ ಮನಸ್ಸಿನಲ್ಲಿರಲಿ, ಅದು ಕುದುರೆಯಿಂದ ಕುದುರೆಗೆ ಹರಡುವ ಗಂಟಲ ಗ್ರಂಥಿಯ ಸೋಂಕು. ಅಲ್ಲಿಯವರೆಗೆ ಮರಿಯನ್ನೂ ತಾಯಿಯನ್ನೂ ಬೇರೆ ಲಾಯದಲ್ಲಿ ಕಟ್ಟಿ. ಸಿಂಬಳ ಒರೆಸುವಾಗ ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ.

ಈಗ ಎಕ್ಸ್‌ರೇ ವಿಷಯ. "ಸೈನಸ್ ತುಂಬಿದೆ" ಅಂದದ್ದು ಸುಳ್ಳಲ್ಲ. ಸೈನಸ್ ಅಂದರೆ ಮುಖದ ಮೂಳೆಯೊಳಗಿನ ಗಾಳಿಯ ಪೊಳ್ಳು. ಅಲ್ಲಿ ತುಂಬಿರುವುದು ಕೀವೋ ಹಲ್ಲೋ ಅನ್ನುವುದೇ ಪ್ರಶ್ನೆ.

ಕುದುರೆಯ ದವಡೆ ಹಲ್ಲು ನಮ್ಮ ಹಲ್ಲಿನಂತಲ್ಲ. ಹೊಸದಾಗಿ ಹುಟ್ಟಿದ ಹಲ್ಲು 7–8 ಸೆಂ.ಮೀ. ಉದ್ದ ಇರುತ್ತೆ. ಬಾಯೊಳಗೆ ಕಾಣುವುದು ಅದರ ತುದಿ ಮಾತ್ರ, ಉಳಿದದ್ದೆಲ್ಲ ಮೂಳೆಯೊಳಗೆ. ತಿಂದು ಸವೆದಂತೆ ವರ್ಷಕ್ಕೆ 2–3 ಮಿ.ಮೀ. ಕೆಳಗೆ ಜಾರುತ್ತಾ ಬರುತ್ತೆ. ಮೇಲ್ದವಡೆಯ ಹಿಂದಿನ ಹಲ್ಲುಗಳು ಹೀಗೆ ಅಡಗಿ ಕೂರುವುದು ಕೆನ್ನೆಯ ಸೈನಸ್ ಇರಬೇಕಾದ ಜಾಗದಲ್ಲೇ. ಅದಕ್ಕೇ ಎಳೆ ಕುದುರೆಯಲ್ಲಿ ಆ ಸೈನಸ್ ಅನ್ನುವುದು ಹಲ್ಲಿನ ಸುತ್ತ ಉಳಿದ ಸಂದು, ಅಷ್ಟೇ. ಹಲ್ಲು ಇಳಿದಂತೆ ಜಾಗ ಖಾಲಿಯಾಗುತ್ತೆ, ಸೈನಸ್ ದೊಡ್ಡದಾಗುತ್ತೆ. 15 ವರ್ಷದ ಕುದುರೆಯಲ್ಲಿ ಅದು ಒಳ್ಳೆ ಹಜಾರ!

ನಿಮ್ಮ ಮರಿಗೆ 5 ತಿಂಗಳು. ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುವುದು ಸುಮಾರು 1 ವರ್ಷಕ್ಕೆ, ಅದರ ಹಿಂದಿನದು 2 ವರ್ಷಕ್ಕೆ. ಹಾಗಾಗಿ ಈಗ ಅವೆಲ್ಲ ಚೀಲದೊಳಗೆ ಬೆಳೆಯುತ್ತಿವೆ. ಎಕ್ಸ್‌ರೇಯಲ್ಲಿ ಆ ಚೀಲ ದುಂಡಗೆ ಕಪ್ಪಗೆ, ಒಳಗೆ ಬಿಳಿ ಚುಕ್ಕಿಗಳೊಂದಿಗೆ ಕಾಣುತ್ತೆ. ದೊಡ್ಡ ಕುದುರೆಗಳ ಚಿತ್ರವನ್ನೇ ನೋಡಿ ಅಭ್ಯಾಸವಾದವರಿಗೆ ಗುಳ್ಳೆ ಅನ್ನಿಸುವುದು ಸಹಜ. ನನಗೂ ಶುರುವಿನಲ್ಲಿ ಹಾಗೇ ಅನ್ನಿಸಿತ್ತು. ನಿಜವಾದ ಸೈನಸ್ ಗುಳ್ಳೆ 1 ವರ್ಷದೊಳಗಿನ ಮರಿಗಳಲ್ಲೂ ಬರುತ್ತೆ, ಅದೇ ತಲೆನೋವು.

ಪ್ರಶ್ನೆ: ಹಾಗಾದರೆ ಸಿಟಿಯಲ್ಲಿ ಇವೆರಡೂ ಬೇರೆ ಬೇರೆ ಕಾಣುತ್ತಾ?

ಉತ್ತರ: ಕಾಣುತ್ತೆ. ಎಕ್ಸ್‌ರೇ ಅಂದರೆ ಎಡ ಬಲ ಎರಡೂ ಕೆನ್ನೆ ಒಂದರ ಮೇಲೊಂದು ಬಿದ್ದ ನೆರಳು. ಸಿಟಿ ಅಂದರೆ ಬ್ರೆಡ್ಡಿನ ಹಾಗೆ ತಲೆಯನ್ನು 1–2 ಮಿ.ಮೀ. ಹೋಳು ಮಾಡಿ ನೋಡಿದಂತೆ. ಮೂಗಿನ ತುದಿಯಿಂದ ಮೌಸ್ ಸರಿಸುತ್ತಾ ಕಣ್ಣಿನ ಕಡೆ ಹೋಗಿ. ಮೊದಲು ಮೂಗಿನ ಸುರುಳಿಗಳು. ಆಮೇಲೆ ಹಾಲು ಹಲ್ಲು, ಅದರ ಹಿಂದೆ ಹಲ್ಲಿನ ಚೀಲ, ಅದಕ್ಕೆ ಈರುಳ್ಳಿ ಸಿಪ್ಪೆಯಷ್ಟು ತೆಳು ಮೂಳೆಯ ಹೊದಿಕೆ. ಆ ಹೊದಿಕೆ ನೆಟ್ಟಗಿದ್ದು, ಬಲಗಡೆಯೂ ಅಂಥದ್ದೇ ಇದ್ದರೆ ಅದು ಬೆಳೆಯುವ ಹಲ್ಲು. ಒಂದೇ ಕಡೆ ಇದ್ದು, ಮೂಳೆ ಉಬ್ಬಿ, ಮೂಗಿನ ನಡುಗೋಡೆ ಪಕ್ಕಕ್ಕೆ ತಳ್ಳಿಸಿಕೊಂಡಿದ್ದರೆ ಗುಳ್ಳೆ ಅಂತ ಅನುಮಾನ.

ಇನ್ನೊಂದು ನೋಡಬೇಕಾದ್ದು ಸೈನಸ್‌ನಿಂದ ಮೂಗಿಗೆ ಇಳಿಯುವ ಕಿಂಡಿ. ಸಣ್ಣ ಸೀಳು ಅದು, ಕೆನ್ನೆಯ ಸೈನಸ್‌ಗಳೆಲ್ಲ ಅದರಲ್ಲೇ ಬಸಿಯಬೇಕು. ಬಾತುಕೊಂಡರೆ ಮುಚ್ಚಿಹೋಗುತ್ತೆ. ಎಕ್ಸ್‌ರೇಯಲ್ಲಿ ಅದನ್ನು ಹುಡುಕುವುದು ಕಷ್ಟ.

ಕೊರೆಯುವ ಬಗ್ಗೆ ನೇರವಾಗಿ ಹೇಳ್ತೀನಿ: ಒಳಗಿನ ಚಿತ್ರ ಸ್ಪಷ್ಟವಾಗದೆ ಎಳೆ ಮರಿಯ ಕೆನ್ನೆಯ ಮುಂಭಾಗ ಕೊರೆಯಲು ಬಿಡಬೇಡಿ. ಸುಮಾರು 5 ವರ್ಷದವರೆಗೂ ಅಲ್ಲಿ ಹಲ್ಲೇ ಇರುತ್ತೆ. ಕೆನ್ನೆಯ ನರದ ಕಾಲುವೆಯೂ ಹಲ್ಲಿಗೆ ಅಂಟಿಕೊಂಡೇ ಹೋಗುತ್ತೆ.

ಗುಂಪಿನ ಸದಸ್ಯರೊಬ್ಬರು: ನಮ್ಮ ಕಡೆ ಮನುಷ್ಯರಿಗೆ ಸಿಟಿ ಮಾಡಿಸೋಕೇ ಸಾಲ ಮಾಡಬೇಕು ಮೇಡಂ, ಇನ್ನು ಕುದುರೆಗಾ! 😄

ಉತ್ತರ: ನಿಜ ಸರ್, ಒಪ್ಪಿದೆ. ಅದಕ್ಕೇ ಮೊದಲು ಎಂಡೋಸ್ಕೋಪ್ (ಮೂಗಿನೊಳಗೆ ಬಿಡುವ ಕ್ಯಾಮೆರಾ ಕೊಳವೆ) ಹಾಕಿ ನೋಡಿ ಅಂತೀನಿ. ಕೀವು ಬರುತ್ತಿರುವುದು ಗಂಟಲ ಪಕ್ಕದ ಗಾಳಿ ಚೀಲದಿಂದ ಅಂತ ಗೊತ್ತಾದರೆ ಸೈನಸ್ ಕಥೆ ಅಲ್ಲಿಗೇ ಮುಗೀತು, ಸಿಟಿ ಬೇಕಾಗದೇ ಇರಬಹುದು.

ಪ್ರಶ್ನೆ (ಪಶುವೈದ್ಯಕೀಯ ವಿದ್ಯಾರ್ಥಿ): ಮ್ಯಾಮ್, ಮರಿಗಳ ಸೈನಸ್ ಹೇಗೆ ಬೆಳೆಯುತ್ತೆ ಅಂತ ಅಧ್ಯಯನ ಮಾಡುವವರು ಅಷ್ಟೊಂದು ಮರಿಗಳಿಗೆ ಅರಿವಳಿಕೆ ಕೊಟ್ಟು ಸಿಟಿ ಮಾಡ್ತಾರಾ?

ಉತ್ತರ: ಹೆಚ್ಚಾಗಿ ಇಲ್ಲ. ಬೇರೆ ಕಾರಣಕ್ಕೆ ಸತ್ತ ಮರಿಗಳ ತಲೆಯನ್ನು ಸ್ಕ್ಯಾನ್ ಮಾಡುತ್ತಾರೆ. ಆಮೇಲೆ ಅದೇ ತಲೆಯನ್ನು ಗಟ್ಟಿಯಾಗಿ ಫ್ರೀಜ್ ಮಾಡಿ, ಗರಗಸದಲ್ಲಿ ಹೋಳು ಮಾಡಿ, ಪ್ರತಿ ಹೋಳನ್ನೂ ಸಿಟಿ ಚಿತ್ರದ ಪಕ್ಕ ಇಟ್ಟು ಹೋಲಿಸುತ್ತಾರೆ. ಬದುಕಿರುವ ಮರಿಗಳದ್ದಾದರೆ ಬೇರೆ ಕಾಯಿಲೆಗೆ ತೆಗೆದ ಹಳೆಯ ಸ್ಕ್ಯಾನ್‌ಗಳು.

ಅಳತೆ ಮಾಡುವುದಕ್ಕೆ ಸಿಟಿಯ ಹೌನ್ಸ್‌ಫೀಲ್ಡ್ ಅಂಕಿ ಬಳಸುತ್ತಾರೆ. ಗಾಳಿ −1000, ನೀರು 0, ಮೂಳೆ ಅದಕ್ಕಿಂತ ಎಷ್ಟೋ ಮೇಲೆ. ಗಾಳಿಯ ಜಾಗವನ್ನು ಸಾಫ್ಟ್‌ವೇರ್ ಬೇರ್ಪಡಿಸಿ ಘನ ಸೆಂ.ಮೀ. ಲೆಕ್ಕ ಕೊಡುತ್ತೆ. ಆದರೆ ಹುಷಾರು, ಸತ್ತ ಮೇಲೆ ರಕ್ತ, ನೀರು ಸೈನಸ್‌ನಲ್ಲಿ ನಿಂತಿದ್ದರೆ ಅಷ್ಟು ಜಾಗ ಲೆಕ್ಕದಿಂದ ಬಿಟ್ಟುಹೋಗುತ್ತೆ. ಕೈಯಲ್ಲಿ ಗೆರೆ ಎಳೆದು ಸರಿಮಾಡಬೇಕು, ಸುಮ್ನೆ ಬಟನ್ ಒತ್ತಿದರೆ ಆಗಲ್ಲ. ಮರಿಯ ತಲೆಬುರುಡೆಯ ಬೆಸುಗೆಗಳು ಇನ್ನೂ ತೆರೆದಿರುತ್ತವೆ. ಅವನ್ನು ಮೂಳೆ ಮುರಿತ ಅಂತ ಬರೆದು ಬೈಸಿಕೊಂಡವರಿದ್ದಾರೆ.

ಪ್ರಶ್ನೆ (ಮೊದಲು ಕೇಳಿದವರು): ರಕ್ತದ ಮಾದರಿ ಇವತ್ತೇ ಕೊಟ್ಟೆವು ಮೇಡಂ. ಎಂಡೋಸ್ಕೋಪಿಗೂ ಮಾತಾಡಿದ್ದೇವೆ. ಮುಂದೆ ಸಿಟಿ ಅಂತಾದರೆ ಮರಿಗೆ ಪೂರ್ತಿ ಅರಿವಳಿಕೆ ಬೇಕಾ?

ಉತ್ತರ: ದೊಡ್ಡ ಕುದುರೆಗಳಿಗೆ ಅನುಕೂಲ ಇರುವ ಕಡೆ ಮಂಪರು ಮದ್ದು ಕೊಟ್ಟು, ನಿಂತ ಹಾಗೇ ತಲೆಯನ್ನು ಮಷೀನಿಗೆ ಇಡುತ್ತಾರೆ. ಎಳೆ ಮರಿ ಅಲುಗಾಡದೆ ನಿಲ್ಲುವುದು ಕಷ್ಟ. ಸ್ವಲ್ಪ ಹೊತ್ತಿನ ಅರಿವಳಿಕೆ ಕೊಟ್ಟು ಮಲಗಿಸುವುದೇ ಸುಲಭ, ಸ್ಕ್ಯಾನ್‌ಗೆ ಕೆಲವೇ ನಿಮಿಷ ಸಾಕು. ಹಾಲು ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಅಂತ ಅರಿವಳಿಕೆ ಕೊಡುವವರನ್ನೇ ಕೇಳಿ. ಎದ್ದ ಕೂಡಲೇ ತಾಯಿಯನ್ನು ಹುಡುಕುತ್ತೆ, ತಾಯಿಯನ್ನೂ ಗಾಡಿಯಲ್ಲಿ ಕರೆದುಕೊಂಡು ಹೋಗಿ. ಹಿತ್ತಾಳೆ ಬಕಲ್ ಇರುವ ಹಾಲ್ಟರ್ (ಮುಖಕ್ಕೆ ಕಟ್ಟುವ ಪಟ್ಟಿ) ಹಾಕಬೇಡಿ, ಚಿತ್ರದ ತುಂಬಾ ಗೆರೆ ಬರುತ್ತೆ. ಹಗ್ಗದ್ದು ಒಂದು ಮಾಡಿಟ್ಟುಕೊಳ್ಳಿ.