ಸೂತ್ರ ಬಾಯಿಪಾಠ, ಔಷಧದ ಲೆಕ್ಕ ಮಾತ್ರ ತಪ್ಪು: ಏನು ಮಾಡೋಣ?

ಪ್ರಶ್ನೆ: ನರ್ಸಿಂಗ್ ಮೊದಲ ವರ್ಷದವರಿಗೆ ತರಗತಿ ಮುಗಿದ ಮೇಲೆ ಕಲಿಕಾ ನೆರವು ಕೊಡುತ್ತಿದ್ದೇವೆ. ಡೋಸ್ ಲೆಕ್ಕದ ಸೂತ್ರ ಎಲ್ಲರಿಗೂ ಬಾಯಿಗೆ ಬರುತ್ತೆ. ಉತ್ತರ ಮಾತ್ರ ಹತ್ತು ಪಟ್ಟು, ಸಾವಿರ ಪಟ್ಟು ಆಚೀಚೆ. ಕಲಿಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ 1: ಹತ್ತು ಪಟ್ಟು, ಸಾವಿರ ಪಟ್ಟು ತಪ್ಪುತ್ತಿದೆ ಎಂದರೆ ಪೆಟ್ಟು ಬಿದ್ದಿರುವುದು ದಶಮಾಂಶ ಬಿಂದುವಿಗೆ, ಇಲ್ಲವೇ ಯೂನಿಟ್‌ಗೆ. ಸೂತ್ರವನ್ನು ಸದ್ಯಕ್ಕೆ ಬದಿಗಿಡಿ. ಪೆನ್ನು ಮುಟ್ಟುವ ಮುಂಚೆ ಅಂದಾಜು ಬಾಯಿಬಿಟ್ಟು ಹೇಳಿಸಿ. ಬೇಕಾದದ್ದು 60 ಮಿ.ಗ್ರಾಂ, 2 ಮಿ.ಲೀ. ಆಂಪ್ಯೂಲ್ (ಔಷಧ ತುಂಬಿದ ಪುಟ್ಟ ಗಾಜಿನ ಸೀಸೆ) ಮೇಲೆ 2 ಮಿ.ಲೀ.ಗೆ 80 ಮಿ.ಗ್ರಾಂ ಎಂದಿದೆ. "ಇಡೀ ಆಂಪ್ಯೂಲ್ ಬೇಡ, ಅರ್ಧಕ್ಕಿಂತ ಜಾಸ್ತಿ ಬೇಕು" ಎಂದರೆ ಸಾಕು. ಆಮೇಲೆ 60 ÷ 80 × 2 = 1.5 ಮಿ.ಲೀ. ಬಿಂದು ಜಾರಿ 15 ಬಂದರೆ ಏಳೂವರೆ ಆಂಪ್ಯೂಲ್ ಒಡೆಯಬೇಕಾಗುತ್ತದೆ, ತಪ್ಪು ಅವರ ಕಣ್ಣಿಗೇ ಬೀಳುತ್ತದೆ. 2 ಮಿ.ಲೀ. ಸಿರಿಂಜ್ ಕೊಟ್ಟು ಉತ್ತರದ ಗೆರೆಯವರೆಗೆ ನೀರು ಎಳೆಸಿ. ಕ್ಯಾಲ್ಕುಲೇಟರ್ ಕೊಡಬಹುದು, ಆದರೆ ಅಂದಾಜು ಹೇಳಿದ ಮೇಲೆಯೇ.

ಉತ್ತರ 2: ಬರೆಯುವ ರೀತಿಯನ್ನೂ ತಿದ್ದಿ. ಬರೀ .5 ಎಂದರೆ ಬಿಂದು ಮಸುಕಾದಾಗ 5 ಆಗುತ್ತದೆ, ಹಾಗಾಗಿ 0.5 ಎಂದೇ ಬರೆಯಬೇಕು. 5.0 ಬೇಡವೇ ಬೇಡ, ಅವಸರದಲ್ಲಿ 50 ಎಂದು ಓದಿಬಿಡುತ್ತಾರೆ. ಮೈಕ್ರೋಗ್ರಾಂ ಅನ್ನು ಪೂರ್ತಿ ಬರೆಸಿ. µg ಎಂಬ ಸಂಕೇತ ಹಾಕಿದರೆ ಮಿಲಿಗ್ರಾಂ (mg) ಎಂದು ಓದುವ ಅಪಾಯವಿದೆ, ನೀವು ಹೇಳಿದ ಆ ಸಾವಿರ ಪಟ್ಟು ಅಲ್ಲಿಂದಲೂ ಬರಬಹುದು. ವೈದ್ಯರ ಆರ್ಡರ್ ಮತ್ತು ಔಷಧದ ಲೇಬಲ್ ಎರಡನ್ನೂ ಒಂದೇ ಯೂನಿಟ್‌ಗೆ ತರದೆ ಭಾಗಾಕಾರಕ್ಕೆ ಇಳಿಯಲು ಬಿಡಬೇಡಿ.

ಉತ್ತರ 3: ಮಕ್ಕಳ ಡೋಸ್‌ನಲ್ಲಿ ಎಡವುವುದು "ದಿನಕ್ಕೆ" ಎಂಬ ಪದದಲ್ಲಿ. ದಿನಕ್ಕೆ ಕೆ.ಜಿ.ಗೆ 40 ಮಿ.ಗ್ರಾಂ, ಮೂರು ಹೊತ್ತು, ಮಗುವಿನ ತೂಕ 12 ಕೆ.ಜಿ. ಎಂದುಕೊಳ್ಳಿ. 480 ಇಡೀ ದಿನದ್ದು, ಒಂದು ಹೊತ್ತಿಗೆ 160 ಮಿ.ಗ್ರಾಂ. ಭಾಗಿಸಲು ಮರೆತರೆ ಮಗುವಿಗೆ ಮೂರು ಪಟ್ಟು ಹೋಗುತ್ತದೆ. ಪ್ರಶ್ನೆಯಲ್ಲಿ ಆ ಪದಕ್ಕೆ ಮೊದಲು ಸುತ್ತು ಹಾಕಿಸಿ.

ಉತ್ತರ 4: ಡ್ರಿಪ್ ಲೆಕ್ಕದಲ್ಲಿ ಗಂಟೆಯನ್ನು ನಿಮಿಷ ಮಾಡುವುದೇ ಬಿಟ್ಟುಹೋಗುತ್ತದೆ. 500 ಮಿ.ಲೀ., 4 ಗಂಟೆ, ಮಿ.ಲೀ.ಗೆ 20 ಹನಿಯ ಸೆಟ್: 500 × 20 ÷ 240, ನಿಮಿಷಕ್ಕೆ ಸುಮಾರು 42 ಹನಿ. 240ರ ಬದಲು 4 ಹಾಕಿದರೆ ನಿಮಿಷಕ್ಕೆ 2500! ಆ ವೇಗದಲ್ಲಿ ಮೇಜು ತಟ್ಟಿ ತೋರಿಸಿ ಎನ್ನಿ, ಪಾಠ ಅಲ್ಲೇ ಆಯಿತು.

ಅನುಪಾತವನ್ನೂ ಬಿಡಬೇಡಿ. ಅಡ್ರಿನಲಿನ್ 1:1000 ಎಂದರೆ ಮಿ.ಲೀ.ಗೆ 1 ಮಿ.ಗ್ರಾಂ, 1:10,000 ಎಂದರೆ 0.1. ದೊಡ್ಡ ಅಂಕಿ ನೋಡಿ ಎರಡನೆಯದೇ ಗಟ್ಟಿ ಎಂದುಕೊಳ್ಳುವವರಿದ್ದಾರೆ.

ಉತ್ತರ 1, ಮತ್ತೆ: ಒಂದು ಬಿಟ್ಟುಹೋಗಿತ್ತು. ಶುರುವಿಗೇ ಔಷಧದ ಹೆಸರಿಲ್ಲದ ಹತ್ತು ಲೆಕ್ಕ ಕೊಡಿ: 0.25 × 1000, 3 ÷ 8, ಇಂಥವು. ಇವೇ ತಪ್ಪಿದರೆ ಕೊರತೆ ಗಣಿತದ್ದು, ಭಿನ್ನರಾಶಿಯಿಂದ ಹಿಡಿಯಬೇಕು. ಇವು ಸರಿಯಾಗಿ, ಔಷಧ ಬಂದಾಗ ಕೆಟ್ಟರೆ ಲೇಬಲ್ ಓದುವುದನ್ನು ಕಲಿಸಬೇಕು. ಎರಡೂ ಗುಂಪನ್ನು ಒಟ್ಟಿಗೆ ಕೂರಿಸಿದರೆ ಯಾರಿಗೂ ದಕ್ಕುವುದಿಲ್ಲ.