ಸಹಾಯ ಬೇಕು: ತೋಟದ ಹಳೇ ಟ್ಯಾಂಕಿನ ರಿವೆಟ್ ಜಾಯಿಂಟ್ ಸೋರುತ್ತಿದೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಅಜ್ಜನ ಕಾಲದ ಕಬ್ಬಿಣದ ಟ್ಯಾಂಕ್ ಇದೆ. ಪಲ್ಪರ್‌ಗೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರು ಹೋಗುವುದು ಇದರಿಂದಲೇ. ತಗಡಿನ ಮೇಲೆ ತಗಡು ಕೂರಿಸಿ ಒಂದೇ ಸಾಲು ರಿವೆಟ್ ಹೊಡೆದ ಲ್ಯಾಪ್ ಜಾಯಿಂಟ್.

ಕೆಳಗಡೆ ನಾಲ್ಕೈದು ರಿವೆಟ್ ಸಡಿಲ ಆಗಿವೆ. ಸುತ್ತಿಗೆಯಿಂದ ತಟ್ಟಿದರೆ ಉಳಿದವು ಟಣ್ ಅನ್ನುತ್ತವೆ, ಇವು ಬರೀ ಡಬ್. ತಲೆಯ ಸುತ್ತ ತುಕ್ಕು ಇಳಿದ ಗೆರೆ ಬೇರೆ.

ತಗಡು 6 ಮಿ.ಮೀ., ರಿವೆಟ್ 16 ಮಿ.ಮೀ. ತೂತಿನ ನಡುವಿನಿಂದ ತಗಡಿನ ಅಂಚಿಗೆ 24 ಮಿ.ಮೀ. ಇದೆ. ಅಂದರೆ ರಿವೆಟ್ ವ್ಯಾಸದ ಒಂದೂವರೆ ಪಟ್ಟು, ಹಾಗಾಗಿ ಅಂಚು ಹರಿಯುವ ಭಯ ಇಲ್ಲ ಅಂದುಕೊಂಡಿದ್ದೇನೆ. ಹಾಸನದಲ್ಲಿ ಡಿಪ್ಲೊಮಾ ಓದುತ್ತಿರುವ ಅಕ್ಕನ ಮಗ ರಿವೆಟ್ ಎಷ್ಟು ದಪ್ಪ ಬೇಕೆಂದು ನೋಡಲು 'ರಿವೆಟ್ ವ್ಯಾಸ = 6√ತಗಡಿನ ದಪ್ಪ' ಅನ್ನುವ ಅನ್ವಿನ್ ಸೂತ್ರ ಹಾಕಲು ಹೊರಟಿದ್ದ. ಅದು 8 ಮಿ.ಮೀ.ಗಿಂತ ದಪ್ಪ ತಗಡಿಗೆ ಅಲ್ವಾ? ತೆಳು ತಗಡಿಗೆ ಶಿಯರಿಂಗ್ (ರಿವೆಟ್ ಅಡ್ಡಕ್ಕೆ ಕತ್ತರಿಸುವುದು), ಕ್ರಶಿಂಗ್ (ರಿವೆಟ್ ಅಥವಾ ತಗಡು ಜಜ್ಜಿ ಹೋಗುವುದು) ಎರಡನ್ನೂ ತಡೆಯುವ ಬಲ ಸಮ ಮಾಡಿ ವ್ಯಾಸ ತೆಗೆಯಬೇಕು.

ಪೇಟೆಯ ವೆಲ್ಡರ್ 'ಸುಮ್ನೆ ಮೇಲೆ ವೆಲ್ಡ್ ಹೊಡೆದುಬಿಡೋಣ ಸಾರ್' ಅಂತಾರೆ. ಆ ಕಾವಿಗೆ ಪಕ್ಕದ ರಿವೆಟ್‌ಗಳೂ ಸಡಿಲ ಆದರೆ? ನಟ್ಟು ಬೋಲ್ಟು ಹಾಕಿದರೆ ಸಂದು ಉಳಿಯುತ್ತದೆ. ಕೆಂಪಗೆ ಕಾಯಿಸಿ ಹೊಡೆದ ರಿವೆಟ್ ಆದರೆ ತೂತು ತುಂಬಿಕೊಂಡು, ಆರುವಾಗ ಕುಗ್ಗಿ ತಗಡುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ನನಗೆ ಅದೇ ಸರಿ ಅನ್ನಿಸುತ್ತದೆ.

ಚಿಕ್ಕಮಗಳೂರು, ಬೇಲೂರು, ಹಾಸನದ ಕಡೆ ಕಾಯಿಸಿ ರಿವೆಟ್ ಹೊಡೆಯುವವರು, ಆಮೇಲೆ ಅಂಚಿಗೆ ಕಾಲ್ಕಿಂಗ್ (ಮೊಂಡು ಉಳಿಯಿಂದ ತಗಡಿನ ಅಂಚು ತಟ್ಟಿ ಸಂದು ಮುಚ್ಚುವುದು) ಮಾಡುವವರು ಈಗಲೂ ಇದ್ದಾರಾ? ಇಲ್ಲವೆಂದರೆ ರಬ್ಬರ್ ವಾಷರ್ ಹಾಕಿ ಬೋಲ್ಟ್ ಬಿಗಿದು ಯಾರಾದರೂ ನೋಡಿದ್ದೀರಾ, ಎಷ್ಟು ದಿನ ತಡೆಯಿತು? ಅರೇಬಿಕಾ ಕೊಯ್ಲು ಶುರುವಾಗುವುದರೊಳಗೆ ಟ್ಯಾಂಕ್ ತುಂಬಬೇಕು.